ಐಸ್ ಫ್ಯಾಕ್ಟರಿಯ ಅಮ್ಮ

ಅವರು ತೀರಿಕೊಂಡ ಹದಿನಾರನೆಯ ದಿನ ಹಲಸೂರಿನ ಒಂದು ಸಣ್ಣ ಛತ್ರದಲ್ಲಿ ಶ್ರದ್ಧಾಂಜಲಿ ಸಭೆ ಇಟ್ಟುಕೊಂಡಿದ್ದರು. ವೇದಿಕೆಯ ಹಿಂದೆ ಫ್ಲೆಕ್ಸ್ ಕಟ್ಟಿದ್ದರು. ಯಾವುದೋ ಹಳೆಯ ಸಣ್ಣ ಫೋಟೊವನ್ನು ಹಿಗ್ಗಿಸಿ, ಮುಖವನ್ನು ಬೆಳ್ಳಗೆ ಮಾಡಿ, ಮೇಲೆ ‘ಮಹಾದಾನಿ’ ಎಂದು ಬರೆಸಿದ್ದರು. ಬದುಕಿದ್ದಿದ್ದರೆ ಅವರು ಅದನ್ನು ಬಿಚ್ಚಿಸಿ, ಯಾರದಾದರೂ ಸೋರುವ ಶೀಟಿನ ಮೇಲೆ ಹೊದಿಸಲು ಕೊಟ್ಟುಬಿಡುತ್ತಿದ್ದರು.

ವಾರ್ಡಿನ ಮುಖಂಡರು ಮಾತಾಡಿದರು. ಚರ್ಚಿನ ಫಾದರ್ ಮಾತಾಡಿದರು. ರಸೆಲ್ ಮಾರುಕಟ್ಟೆಯ ಮೀನಿನ ವ್ಯಾಪಾರಿಯೊಬ್ಬರು ಅರ್ಧ ಉರ್ದು ಅರ್ಧ ಕನ್ನಡದಲ್ಲಿ ಮಾತಾಡಿ ಕಣ್ಣೊರೆಸಿಕೊಂಡರು. ಎಲ್ಲರೂ ಹೇಳಿದ್ದು ಒಂದೇ: ಸಾವಿನ ಮನೆಗೆ ಈ ತಾಯಿ ಪುಕ್ಕಟೆಯಾಗಿ ಐಸ್ ಕಳಿಸುತ್ತಿದ್ದರು, ಯಾರ ಜಾತಿಯನ್ನೂ ಕೇಳಲಿಲ್ಲ, ಯಾರಿಗೂ ಇಲ್ಲವೆನ್ನಲಿಲ್ಲ. ಆಮೇಲೆ ನನ್ನನ್ನು ಕರೆದರು. ಅವರ ಫ್ಯಾಕ್ಟರಿಯಲ್ಲಿ ಆರು ವರ್ಷ ಸೂಪರ್‌ವೈಸರ್ ಆಗಿದ್ದವರು, ಈಗ ಎರಡು ಮಾತು ಹೇಳುತ್ತಾರೆ ಎಂದರು. ನಾನು ನಿಜಕ್ಕೂ ಎರಡೇ ಮಾತು ಹೇಳಿ ಕೂತುಬಿಟ್ಟೆ. ಹೇಳಬೇಕಾದದ್ದು ಅಲ್ಲಿ ಹೇಳುವಂಥದ್ದಾಗಿರಲಿಲ್ಲ. ಈಗ ಬರೆಯುತ್ತಿದ್ದೇನೆ. ಅವರ ಹೆಸರು ಬರೆಯುವುದಿಲ್ಲ. ಓಣಿಯಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆದವರಲ್ಲ. ಐಸ್ ಫ್ಯಾಕ್ಟರಿ ಅಮ್ಮ ಎಂದರೆ ಎಲ್ಲರಿಗೂ ಗೊತ್ತಾಗುತ್ತಿತ್ತು.

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ, ಐಟಿಐ ಮುಗಿಸಿ ರಾಣೆಬೆನ್ನೂರಿನಿಂದ ಬಂದ ನಾನು ಅವರ ಮುಂದೆ ಕೆಲಸ ಕೇಳಿಕೊಂಡು ನಿಂತೆ. ಹಲಸೂರಿನ ಕೆರೆಯ ಕಡೆಯ ಒಂದು ಓಣಿಯಲ್ಲಿ ತಗಡಿನ ಸೂರಿನ ಹಳೆಯ ಫ್ಯಾಕ್ಟರಿ. ಗಂಡ ಕಟ್ಟಿದ್ದು. ಗಂಡ ಹೋದ ಮೇಲೆ ಮಾರಿಬಿಡು ಎಂದವರ ಮಾತು ಕೇಳದೆ ಇವರೇ ನಡೆಸುತ್ತಿದ್ದರು. ಐವತ್ತರ ಆಸುಪಾಸು. ಹತ್ತಿ ಸೀರೆ, ಅದರ ಮೇಲೆ ಏಪ್ರಿಲ್ ತಿಂಗಳಲ್ಲೂ ಗಂಡಸರ ಸ್ವೆಟರ್, ಕಾಲಲ್ಲಿ ಹವಾಯಿ ಚಪ್ಪಲಿ. ನನ್ನ ಸರ್ಟಿಫಿಕೇಟನ್ನು ಅವರು ನೋಡಲೂ ಇಲ್ಲ.

‘ಅಮೋನಿಯಾ ವಾಸನೆ ಗೊತ್ತಾ?’ ಎಂದರು.

‘ಗೊತ್ತೈತ್ರೀ ಅಮ್ಮಾ.’

‘ಭಯ ಇದೆಯಾ?’

‘ಐತ್ರೀ.’

‘ಹಂಗಾದ್ರೆ ನಾಳೆಯಿಂದ ಬಾ. ಭಯ ಇಲ್ಲ ಅಂದೋರು ಇಬ್ಬರನ್ನ ವಾಪಸ್ ಕಳಿಸಿದೀನಿ.’ ನಾನು ಹೊರಟಾಗ ಹಿಂದಿನಿಂದ ಹೇಳಿದರು: ‘ಆ ರೀ ಅನ್ನೋದನ್ನ ಸ್ವಲ್ಪ ಕಮ್ಮಿ ಮಾಡಪ್ಪಾ. ಪ್ರತಿ ಮಾತಿಗೂ ಬಾಲ ಕಟ್ಟಿದ ಹಾಗಿದೆ.’

ಮನೆಮಾತು ತಮಿಳು. ಕನ್ನಡವನ್ನು ಅವರು ಓಣಿಯಿಂದಲೇ ಕಲಿತಿದ್ದರು, ಓಣಿಯ ಹಾಗೆಯೇ ಆಡುತ್ತಿದ್ದರು. ಬೆಳಗ್ಗೆ ಐದಕ್ಕೆ ಬಂದು, ಉಪ್ಪುನೀರಿನ ತೊಟ್ಟಿಯಿಂದ ಡಬ್ಬಿಗಳನ್ನು ಎತ್ತಿ ಐಸ್ ಗಡ್ಡೆಗಳನ್ನು ಕಳಚುವಾಗ ಪಕ್ಕದಲ್ಲಿ ನಿಲ್ಲುತ್ತಿದ್ದರು. ಮಾರುಕಟ್ಟೆಯ ಮೀನಿಗೆ ಹೋಗುವ ಗಡ್ಡೆಗಳನ್ನು ಅವರು ಮುಟ್ಟುತ್ತಿರಲಿಲ್ಲ. ಸಾವಿನ ಮನೆಗೆ ಹೋಗುವುದನ್ನು ಮಾತ್ರ ತಾವೇ ಆರಿಸುತ್ತಿದ್ದರು. ನಡುವೆ ಬೆಳ್ಳಗೆ ಮಂಜುಗಟ್ಟಿದ್ದು ಬೇಡ, ಗಾಜಿನ ಹಾಗೆ ಆಚೆ ಕಡೆ ಕಾಣುವಂಥದ್ದೇ ಆಗಬೇಕು. ಅಂಗೈಯಿಂದ ಅದನ್ನು ಎರಡು ಸಲ ತಟ್ಟಿ, ಕೈಯನ್ನು ಸೆರಗಿಗೆ ಒರೆಸಿಕೊಂಡು, ‘ಇದು’ ಎನ್ನುತ್ತಿದ್ದರು.

ಆಗೆಲ್ಲ ಈಗಿನ ಹಾಗೆ ಫ್ರೀಜರ್ ಪೆಟ್ಟಿಗೆಗಳು ಇರಲಿಲ್ಲ. ಬೆಂಚಿನ ಕೆಳಗೂ ಪಕ್ಕಕ್ಕೂ ಐಸ್ ಇಟ್ಟು, ಮರದ ಹೊಟ್ಟು ಸುರಿದು, ದೂರದಿಂದ ಬರುವವರಿಗಾಗಿ ಹೆಣವನ್ನು ಇಟ್ಟುಕೊಂಡು ಕಾಯುತ್ತಿದ್ದರು. ಯಾರಾದರೂ ಕಣ್ಣು ಕೆಂಪಾಗಿಸಿಕೊಂಡು ಗೇಟಿಗೆ ಬಂದರೆ ಅಮ್ಮ ಸತ್ತವರು ಯಾರು, ಹೇಗೆ ಎಂದು ಕೇಳುತ್ತಿರಲಿಲ್ಲ. ‘ಯಾರು ಬರ್ಬೇಕು? ಎಲ್ಲಿಂದ?’ ಎಂದಷ್ಟೇ ಕೇಳುತ್ತಿದ್ದರು. ಮಗ ಕೋಲಾರದ ಗಣಿಯಿಂದ ಎಂದರೆ ಎರಡು ಗಡ್ಡೆ. ಮಗಳು ನಾಗಪುರದಿಂದ ರೈಲಿನಲ್ಲಿ ಎಂದರೆ ಆರು, ಮರುದಿನ ಮತ್ತೆ ನಾಲ್ಕು. ಒಮ್ಮೆ ಒಬ್ಬ ಮುದುಕ ಬಂದು, ಹೆಂಡತಿ ಹೋದಳು, ಬರುವವರು ಯಾರೂ ಇಲ್ಲ, ಆದರೂ ಒಂದು ದಿನ ಇಟ್ಟುಕೊಳ್ಳಬೇಕು ಅನ್ನಿಸುತ್ತಿದೆ ಎಂದ. ಅಮ್ಮ ನಾಲ್ಕು ಗಡ್ಡೆ ಗಾಡಿಗೆ ಹಾಕಿಸಿದರು.

ಯಾಕೆ ಹೀಗೆ ಕೊಡುತ್ತಾರೆ ಎಂಬುದಕ್ಕೆ ಓಣಿಯಲ್ಲಿ ಹಲವು ಕಥೆಗಳಿದ್ದವು. ಗಂಡ ಸತ್ತಾಗ ಏನೋ ಆಗಿತ್ತಂತೆ, ಹುಟ್ಟಿದ ಮಗುವೊಂದು ಉಳಿಯಲಿಲ್ಲವಂತೆ. ನಾನು ಒಮ್ಮೆ ಕೇಳಿಯೇಬಿಟ್ಟೆ. ‘ನಮ್ಮತ್ರ ಐಸ್ ಇದೆ, ಕೊಡ್ತೀವಿ. ಹಾಲು ಇದ್ದಿದ್ರೆ ಹಾಲು ಕೊಡ್ತಿದ್ವಿ. ಹೋಗು, ಕಂಪ್ರೆಸರ್ ನೋಡು’ ಎಂದರು. ಬೇಸಿಗೆಯಲ್ಲಿ ಫ್ಯಾಕ್ಟರಿಯ ಬೋರ್‌ವೆಲ್ಲಿಗೆ ಹೊರಗೊಂದು ನಲ್ಲಿ ಹಾಕಿಸಿ ಇಡೀ ಓಣಿಗೆ ನೀರು ಬಿಡುತ್ತಿದ್ದರು. ಕೊಡಗಳ ಜಗಳ ಜೋರಾದರೆ ಮಾತ್ರ ಹೊರಗೆ ಬಂದು ನಲ್ಲಿ ನಿಲ್ಲಿಸಿ, ಎಲ್ಲರೂ ಬಾಯಿ ಮುಚ್ಚುವ ತನಕ ಕೈಕಟ್ಟಿ ನಿಲ್ಲುತ್ತಿದ್ದರು.

ಹಾಗಂತ ಕೇಳಿದವರಿಗೆಲ್ಲ ಕೊಡುವ ಸ್ವಭಾವವಲ್ಲ. ಚುನಾವಣೆ ಗೆದ್ದವರೊಬ್ಬರ ಹುಡುಗರು ನಾಲ್ಕು ಜನ ಬಂದು, ಪಾರ್ಟಿ ಇದೆ, ಐಸ್ ಕಳಿಸಿ, ನೀವು ಹೇಗೂ ಫ್ರೀ ಕೊಡ್ತೀರಲ್ಲ ಎಂದರು. ‘ನಿಮ್ಮ ಲೀಡರ್ ಸತ್ತಿಲ್ವಲ್ಲ?’ ಎಂದು ಅಮ್ಮ ಬಹಳ ಮರ್ಯಾದೆಯಿಂದ ಕೇಳಿದರು. ಇಲ್ಲ ಎಂದರು. ‘ಹಂಗಾದ್ರೆ ದುಡ್ಡು ಕೊಟ್ಟು ತಗೊಂಡ್ಹೋಗಿ.’

ಮುರುಗೇಶನ ವಿಷಯ ಈಗ ಹೇಳಬೇಕು. ಡಬ್ಬಿಗಳನ್ನು ಎತ್ತುವ ಕೆಲಸದವನು. ನನಗಿಂತ ನಾಲ್ಕೈದು ವರ್ಷ ದೊಡ್ಡವನು, ನನಗಿಂತ ಹೆಚ್ಚು ಆ ಪ್ಲಾಂಟನ್ನು ಬಲ್ಲವನು. ಹೆಂಡತಿ ಸೆಲ್ವಿ, ಶಾಲೆಗೆ ಹೋಗುವ ಮಗಳೊಬ್ಬಳು. ಸಂಜೆ ಹೊತ್ತು ಆಗೀಗ ಕುಡಿಯುತ್ತಿದ್ದ. ಕೆಲಸದ ಹೊತ್ತಿನಲ್ಲಿ ಎಂದೂ ಕುಡಿದವನಲ್ಲ.

ನಾನು ಸೇರಿದ ಆರನೆಯ ವರ್ಷದ ಬೇಸಿಗೆ ಭೀಕರವಾಗಿತ್ತು. ಮಾರುಕಟ್ಟೆಯಿಂದ ಗಾಡಿಗಳು ಬೆಳಗಿನ ಜಾವವೇ ಬಂದು ಸಾಲು ನಿಲ್ಲುತ್ತಿದ್ದವು. ಐಸ್ ಗಟ್ಟಿಸುವ ಅಮೋನಿಯಾ ಹರಿಯುವ ಲೈನಿನ ಒಂದು ದೊಡ್ಡ ವಾಲ್ವ್ ಸಣ್ಣಗೆ ಸೋರುತ್ತಿತ್ತು. ಹತ್ತಿರ ಹೋದರೆ ಕಣ್ಣು ಉರಿಯುತ್ತಿತ್ತು. ಒಳಗೆ ಸೋರದಂತೆ ತಡೆಯುವ ಪ್ಯಾಕಿಂಗ್ ಸವೆದಿದೆ, ಎರಡು ದಿನ ಪ್ಲಾಂಟ್ ನಿಲ್ಲಿಸಿ ಬದಲಾಯಿಸಬೇಕು ಎಂದು ಅಮ್ಮನಿಗೆ ಹೇಳಿದೆ. ಒಂದು ಸಲವಲ್ಲ, ಮೂರು ಸಲ.

‘ಈ ವಾರ ಬೇಡಪ್ಪಾ’ ಎಂದರು. ‘ಎರಡು ದಿನ ನಿಲ್ಸಿದ್ರೆ ಮಾರ್ಕೆಟ್ಟೋರು ಬೇರೆ ಕಡೆ ಹೋಗ್ಬಿಡ್ತಾರೆ. ಸಾವಿನ ಮನೆಯೋರು ಬಂದ್ರೆ ಏನ್ ಹೇಳ್ಲಿ? ಈ ಬಿಸಿಲಲ್ಲಿ?’

ಆ ವಾರ ನಿಜಕ್ಕೂ ದಿನಕ್ಕೊಂದು ಮನೆಯಿಂದ ಬರುತ್ತಿದ್ದರು. ಮೂರನೆಯ ಸಲ ಒಪ್ಪಿದರು. ಭಾನುವಾರ ನಿಲ್ಲಿಸೋಣ ಎಂದರು. ಗುರುವಾರ ಮಧ್ಯಾಹ್ನ ಊಟವಾದ ಮೇಲೆ ನಾನು ಪ್ಯಾಕಿಂಗ್ ತರಲು ಪೇಟೆಯ ಕಡೆಗೆ ಹೋದೆ. ಬಸ್ಸಿಳಿದು ವಾಪಸು ಬರುವಾಗ ಓಣಿಯ ತಿರುವಿನಲ್ಲೇ ವಾಸನೆ ಬಡಿಯಿತು. ಹೆಂಗಸರು ಸೆರಗು ಒದ್ದೆ ಮಾಡಿ ಮುಖಕ್ಕೆ ಒತ್ತಿಕೊಂಡು, ಮಕ್ಕಳನ್ನು ಎಳೆದುಕೊಂಡು ಓಡುತ್ತಿದ್ದರು.

ವಾಲ್ವ್ ಕಿತ್ತುಕೊಂಡಿತ್ತು. ಒಳಗಿದ್ದ ಏಳು ಜನರನ್ನು ಮುರುಗೇಶ ಹೊರಗೆ ಅಟ್ಟಿದ್ದ. ಆಮೇಲೆ ಗೋಣಿತಾಟು ಒದ್ದೆ ಮಾಡಿ ಮುಖಕ್ಕೆ ಸುತ್ತಿಕೊಂಡು ಮತ್ತೆ ಒಳಗೆ ಹೋಗಿದ್ದ. ಹಿಂದಿನ ಮೇನ್ ವಾಲ್ವ್ ಮುಚ್ಚದಿದ್ದರೆ ಓಣಿ ಪೂರ್ತಿ ಗ್ಯಾಸ್ ತುಂಬುತ್ತಿತ್ತು. ಫ್ಯಾಕ್ಟರಿಯಲ್ಲಿ ಇದ್ದದ್ದು ಒಂದೇ ಮಾಸ್ಕ್, ಅದರ ರಬ್ಬರು ಬಿರುಕು ಬಿಟ್ಟು ಎಷ್ಟೋ ಕಾಲವಾಗಿತ್ತು. ಅದನ್ನು ನೋಡಿಕೊಳ್ಳಬೇಕಾದವನು ನಾನು. ಅವನು ವಾಲ್ವ್ ಮುಚ್ಚಿದ. ಹೊರಗೆ ಬರಲಾಗಲಿಲ್ಲ. ಫೈರ್ ಎಂಜಿನ್‌ನವರು ಎತ್ತಿಕೊಂಡು ಬಂದಾಗ ಅವನ ಕಣ್ಣುಗಳು ತೆರೆದೇ ಇದ್ದವು. ಅವುಗಳಿಗೆ ಏನೂ ಕಾಣುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಮೂರನೆಯ ದಿನ ಸತ್ತ.

ಆ ಮೂರು ದಿನವೂ ಅಮ್ಮ ವಾರ್ಡಿನ ಹೊರಗಿನ ಬೆಂಚು ಬಿಟ್ಟು ಏಳಲಿಲ್ಲ. ಇತ್ತ ಫ್ಯಾಕ್ಟರಿಯಲ್ಲಿ ಅವರ ಮೈದುನ ಬಂದು ಕೂತಿದ್ದರು. ಪಾಲುದಾರರು, ಕೋರ್ಟು ಕಚೇರಿ ಬಲ್ಲವರು. ಶುಕ್ರವಾರ ನನ್ನನ್ನು ಕರೆದು ಟೈಪ್ ಮಾಡಿದ ಕಾಗದವೊಂದನ್ನು ಮುಂದಿಟ್ಟರು. ಕಾರ್ಮಿಕ ಮುರುಗೇಶನು ಮದ್ಯಪಾನ ಮಾಡಿದ್ದು, ಸೂಪರ್‌ವೈಸರ್ ಇಲ್ಲದ ವೇಳೆ ತಾನಾಗಿಯೇ ವಾಲ್ವನ್ನು ತಿರುಗಿಸಿದ್ದರಿಂದ ಅವಘಡ ಸಂಭವಿಸಿತು ಎಂದಿತ್ತು.

‘ಸಾರ್, ಅವನು ಕುಡಿದಿರ್ಲಿಲ್ರೀ.’

‘ಸೈನ್ ಹಾಕಪ್ಪಾ. ಇಲ್ಲಾಂದ್ರೆ ಮೊದ್ಲು ಒಳಗೆ ಹೋಗೋನು ನೀನು. ಸೂಪರ್‌ವೈಸರ್ ನೀನೇ ತಾನೆ? ಅವನಂತೂ ಹೋಗ್ತಾನೆ, ಡಾಕ್ಟ್ರೇ ಹೇಳಿದಾರೆ. ನಿನಗೆ ಹೆಂಡ್ತಿ ಇದಾಳೆ, ಬಸುರಿ ಬೇರೆ.’

ನಾನು ಸಹಿ ಹಾಕಿದೆ. ಮುರುಗೇಶನಿಗೆ ಆಗ ಇನ್ನೂ ಉಸಿರಿತ್ತು. ಆ ದಿನ ಅವನು ಕುಡಿದಿರಲಿಲ್ಲವೆಂದು ನನಗೆ ಗೊತ್ತಿತ್ತು. ಆದರೂ ಹಾಕಿದೆ.

ಕಾಗದ ಸ್ಟೇಷನ್ನಿಗೆ ಹೋಯಿತು. ಅಲ್ಲಿಂದ ಬಂದ ಪೇದೆ ಆಸ್ಪತ್ರೆಯ ವಾರ್ಡಿನೊಳಗೆ ಸೆಲ್ವಿಯೊಬ್ಬಳ ಮುಂದೆ, ಕಂಪನಿಯವರು ನಿನ್ನ ಗಂಡ ಕುಡಿದಿದ್ದ ಅಂತ ಬರ್ಕೊಟ್ಟಿದಾರಲ್ಲಮ್ಮ ಎಂದ. ಅದು ಅವಳಿಗೆ ತಲುಪಿದ್ದು ಹಾಗೆ.

ಸೋಮವಾರ ಫ್ಯಾಕ್ಟರಿ ಇನ್ಸ್‌ಪೆಕ್ಟರ್ ಬಂದರು. ಮೇಜಿನ ಒಂದು ಕಡೆ ಮೈದುನ, ಪಕ್ಕದಲ್ಲಿ ನಾನು, ಕೊನೆಯಲ್ಲಿ ಅಮ್ಮ. ಇನ್ಸ್‌ಪೆಕ್ಟರ್ ಕಾಗದವನ್ನು ಗಟ್ಟಿಯಾಗಿ ಓದಿದರು. ಅಮ್ಮ ಅದನ್ನು ಕೇಳಿದ್ದು ಅದೇ ಮೊದಲು. ನನ್ನ ಕಡೆ ತಿರುಗಿ ನೋಡಿದರು. ನಾನು ಮೇಜನ್ನು ನೋಡುತ್ತಿದ್ದೆ.

‘ಇದು ಸುಳ್ಳು ಸಾರ್’ ಎಂದರು. ‘ಅವನು ಕುಡಿದಿರ್ಲಿಲ್ಲ. ವಾಲ್ವ್ ಸೋರ್ತಿದೆ, ನಿಲ್ಸಬೇಕು ಅಂತ ಈ ಹುಡುಗ ನನಗೆ ಮೂರು ಸಲ ಹೇಳ್ದ. ನಾನು ಬೇಡ ಅಂದೆ. ಬರ್ಕೊಳ್ಳಿ.’

ಮೈದುನ ಎದ್ದು ನಿಂತು ಅತ್ತಿಗೆಯ ಕಡೆ ತಿರುಗಿದರು. ‘ಅಣ್ಣೀ, ನಿಮಗೆ ಸುಸ್ತಾಗಿದೆ, ಏನೇನೋ ಮಾತಾಡ್ತಿದೀರ.’

‘ಸುಸ್ತಾಗಿದೆ. ಅದಕ್ಕೆ ಒಂದೇ ಸಲ ಹೇಳ್ತೀನಿ. ಬರ್ಕೊಳ್ಳಿ ಸಾರ್.’

ಅಲ್ಲಿಗೆ ಫ್ಯಾಕ್ಟರಿ ಮುಗಿಯಿತು. ಲೈಸೆನ್ಸ್ ಹೋಯಿತು, ಕೇಸು ಬಿತ್ತು. ಅಮ್ಮ ಕೋರ್ಟಿನಲ್ಲೂ ಅದನ್ನೇ ಹೇಳಿದರು. ಕೊನೆಗೆ ಶಿಕ್ಷೆ ದಂಡಕ್ಕೆ ನಿಂತಿತು. ಮೈದುನ ಪಾಲು ಮಾಡಿಕೊಂಡು ಹೋದರು, ಮತ್ತೆಂದೂ ಅವರ ಮನೆ ಮೆಟ್ಟಿಲು ಹತ್ತಲಿಲ್ಲ. ಅಮ್ಮ ತಮ್ಮ ಪಾಲಿನ ಜಾಗ ಮಾರಿ, ಮುರುಗೇಶನ ಮನೆಗೂ ಉಳಿದ ಕೆಲಸದವರಿಗೂ ಕೊಡಬೇಕಾದದ್ದನ್ನು ಕೊಟ್ಟರು. ನೀರಿನ ನಲ್ಲಿಯ ಮುಂದೆ ವರ್ಷಗಟ್ಟಲೆ ಕೊಡ ಹಿಡಿದು ನಿಂತಿದ್ದ ಹೆಂಗಸೊಬ್ಬಳು ಅವರು ಎದುರಿಗೆ ಬಂದಾಗ, ‘ನಮ್ಮ ಮಕ್ಕಳನ್ನೂ ಸಾಯಿಸ್ತಿದ್ಲು’ ಎಂದು ನೆಲಕ್ಕೆ ಉಗಿದದ್ದನ್ನು ನಾನು ಕಣ್ಣಾರೆ ಕಂಡೆ. ಅಮ್ಮ ನಿಂತು ಕೇಳಿಸಿಕೊಂಡು ಮುಂದೆ ಹೋದರು.

ಇದಕ್ಕೆಲ್ಲ ಮೊದಲು, ಮುರುಗೇಶನ ಹದಿನಾರನೆಯ ದಿನದ ಕಾರ್ಯ ಮುಗಿದ ಮೇಲೆ ಅಮ್ಮ ಸೆಲ್ವಿಯ ಮನೆಗೆ ಹೊರಟರು. ನನ್ನನ್ನೂ ಕರೆದರು. ಸೆಲ್ವಿ ಒಳಗೆ ಕರೆಯಲಿಲ್ಲ. ಬಾಗಿಲಲ್ಲಿ ನಿಂತೇ ಕೇಳಿದಳು:

‘ಅವ್ರು ಕುಡಿದಿದ್ರು ಅಂತ ಯಾರು ಬರ್ದಿದ್ದು?’

ಆ ಗಳಿಗೆಯಲ್ಲಿ ನಾನು ಬಾಯಿ ತೆರೆದಿದ್ದರೆ ಸಾಕಿತ್ತು. ತೆರೆಯಲಿಲ್ಲ.

‘ಕಾಗದ ನಮ್ಮ ಫ್ಯಾಕ್ಟರಿದು’ ಎಂದರು ಅಮ್ಮ. ‘ನಂದು ಅಂತಲೇ ಇಟ್ಕೋ.’

ವಾಪಸು ಬರುವಾಗ ಆಟೊದಲ್ಲಿ ನಾನು ಅತ್ತುಬಿಟ್ಟೆ. ಸಹಿ ನನ್ನದು ಎಂದು ನಾನೇ ಹೋಗಿ ಹೇಳುತ್ತೇನೆ ಎಂದೆ. ಅವರು ಬೀದಿಯ ಕಡೆ ನೋಡುತ್ತ ಕೂತಿದ್ದರು. ‘ಹೇಳ್ಬೇಕು ಅನ್ನಿಸ್ದಾಗ ಹೇಳು. ನಾನು ತಡೆಯಲ್ಲ, ಕಳಿಸೋದೂ ಇಲ್ಲ’ ಎಂದರು.

ನನಗೆ ಹೇಳಬೇಕು ಅನ್ನಿಸಲು ಎಂಟು ವರ್ಷ ಬೇಕಾಯಿತು.

ನನಗೆ ಮಹದೇವಪುರದ ಕೋಲ್ಡ್ ಸ್ಟೋರೇಜ್ ಒಂದರಲ್ಲಿ ಕೆಲಸ ಸಿಕ್ಕಿತು. ಅದನ್ನು ಕೊಡಿಸಿದವರೂ ಅವರೇ. ಹಳೆಯ ಪರಿಚಯದವರಿಗೆ ಫೋನ್ ಮಾಡಿ, ಹುಡುಗ ಸೋರುವ ವಾಲ್ವನ್ನು ಸುಮ್ಮನೆ ಬಿಡುವವನಲ್ಲ ಎಂದಿದ್ದರಂತೆ. ಅವರು ಹಲಸೂರಿನಲ್ಲೇ ಎರಡು ಕೋಣೆಯ ಬಾಡಿಗೆ ಮನೆಗೆ ಬಂದರು. ಫ್ಯಾಕ್ಟರಿ ಹೋದರೂ ಗೇಟಿಗೆ ಬರುತ್ತಿದ್ದವರು ಮನೆಗೆ ಬರತೊಡಗಿದರು. ಮೊದಲು ಬೇರೆ ಕಡೆಯಿಂದ ಐಸ್ ಕೊಂಡು ಕಳಿಸಿದರು. ಆಮೇಲೆ ಫ್ರೀಜರ್ ಪೆಟ್ಟಿಗೆಗಳು ಬಂದಾಗ ಒಂದಾದ ಮೇಲೊಂದರಂತೆ ಮೂರು ಕೊಂಡು ಮುಂದಿನ ಕೋಣೆಯಲ್ಲಿಟ್ಟರು. ಆ ಕೋಣೆಯಲ್ಲಿ ಬಂದವರು ಕೂರಲು ಜಾಗವೇ ಉಳಿಯಲಿಲ್ಲ. ‘ಏನಪ್ಪಾ, ಎರಡನೇ ಪೆಟ್ಟಿಗೆ ತಣ್ಣಗಾಗ್ತಿಲ್ಲ, ಭಾನುವಾರ ಬಂದು ನೋಡು’ ಎಂದು ಫೋನ್ ಮಾಡುತ್ತಿದ್ದರು. ನಾನು ಹೋಗಿ ರಿಪೇರಿ ಮಾಡುತ್ತಿದ್ದೆ. ಮುರುಗೇಶನ ಮಾತು ನಮ್ಮಿಬ್ಬರ ನಡುವೆ ಬರುತ್ತಿರಲಿಲ್ಲ.

ಸೆಲ್ವಿ ಮಗಳನ್ನು ಕರೆದುಕೊಂಡು ಕೆ.ಆರ್. ಪುರದ ಕಡೆ ಹೋಗಿ, ಗಾರ್ಮೆಂಟ್ಸ್‌ನಲ್ಲಿ ಕೆಲಸ ಹಿಡಿದಿದ್ದಳು. ಒಂದು ಏಪ್ರಿಲ್‌ನಲ್ಲಿ ನಾನು ಟಿನ್ ಫ್ಯಾಕ್ಟರಿಯ ಬಸ್‌ಸ್ಟಾಪಿನಲ್ಲಿ ನಿಂತಿದ್ದಾಗ ಎದುರು ಬದಿಯಲ್ಲಿ ಅಮ್ಮ ಕಂಡರು. ಬಿಸಿಲಿಗೆ ಸೆರಗನ್ನು ತಲೆಗೆ ಹೊದ್ದು, ಬಟ್ಟೆಯ ಚೀಲ ಹಿಡಿದು, ಜನರ ನಡುವೆ ನುಗ್ಗಲಾರದೆ ಬಂದ ಬಂದ ಕೆ.ಆರ್. ಪುರದ ಬಸ್ಸನ್ನು ಬಿಟ್ಟುಕೊಡುತ್ತ ನಿಂತಿದ್ದರು. ಯಾವ ದಿನ ಎಂದು ನನಗೆ ಥಟ್ಟನೆ ಹೊಳೆಯಿತು. ಮುರುಗೇಶ ಸತ್ತ ದಿನ. ರಸ್ತೆ ದಾಟಿ ಅವರ ಕೈಹಿಡಿದು ಬಸ್ಸು ಹತ್ತಿಸಬಹುದಿತ್ತು. ನಾನು ಬೀಡಾ ಅಂಗಡಿಯ ಹಿಂದಕ್ಕೆ ಸರಿದು ನಿಂತೆ.

ಮುಂದಿನ ಭಾನುವಾರ ಪೆಟ್ಟಿಗೆ ರಿಪೇರಿಗೆ ಹೋದಾಗ ಕೇಳಿದೆ. ‘ಸೆಲ್ವಿ ಮನೆಗೆ ಪ್ರತಿ ವರ್ಷ ಹೋಗ್ತೀರಾ ಅಮ್ಮಾ? ಅವ್ರು ಮಾತಾಡ್ಸ್ತಾರಾ?’

‘ಇಲ್ಲ. ಬಾಗಿಲಲ್ಲೇ ನಿಲ್ತಾಳೆ. ಒಂದೊಂದ್ಸಲ ಬೈತಾಳೆ.’

‘ಮತ್ತೆ ಯಾಕ್ರೀ ಹೋಗೋದು?’

‘ಮಾತಾಡ್ಸ್ಲಿ ಅಂತ ಹೋಗಲ್ಲಪ್ಪಾ. ಅವಳು ಯಾರನ್ನಾದ್ರೂ ಬೈಬೇಕಲ್ವಾ? ಎದುರಿಗೆ ಒಬ್ಬರು ನಿಂತಿರ್ಬೇಕು. ಗೋಡೆಗೆ ಬೈದು ಬೈದು ಜನ ಹುಚ್ಚರಾಗ್ತಾರೆ.’

ಕೊನೆಯ ಎರಡು ವರ್ಷ ಅವರಿಗೆ ಉಸಿರಾಟದ ತೊಂದರೆ. ಪಾದರಕ್ಷೆ ಹಾಕಿಕೊಳ್ಳಲು ಬಗ್ಗಿದರೂ ಏದುಸಿರು ಬರುತ್ತಿತ್ತು. ಆದರೂ ಪೆಟ್ಟಿಗೆ ಒಯ್ಯಲು ಬಂದವರನ್ನು ಮಂಚದಿಂದಲೇ ಕೇಳುತ್ತಿದ್ದರು: ‘ಯಾರು ಬರ್ಬೇಕು? ಎಲ್ಲಿಂದ?’ ಆಸ್ಪತ್ರೆಗೆ ಸೇರಿಸಿದ ಮೇಲೆ ನಾನು ಎರಡು ಸಲ ಹೋಗಿ ನೋಡಿದೆ. ಎರಡನೆಯ ಸಲ ಅವರಿಗೆ ಮಾತು ನಿಂತಿತ್ತು. ಹೇಳಬೇಕೆಂದುಕೊಂಡು ಹೋದದ್ದನ್ನು ಹೇಳದೆಯೇ ಬಂದೆ. ನಾಲ್ಕು ದಿನದ ಮೇಲೆ ಹೋದರು.

ಶ್ರದ್ಧಾಂಜಲಿ ಸಭೆ ಮುಗಿದ ಮರುದಿನ ವಿಳಾಸ ಹುಡುಕಿಕೊಂಡು ಸೆಲ್ವಿಯ ಮನೆಗೆ ಹೋದೆ. ಮೂರು ದಿನಕ್ಕೊಮ್ಮೆ ಬರುವ ನೀರು ಆಗಷ್ಟೇ ಬಂದಿತ್ತು. ಅವಳು ಪೈಪ್ ಹಿಡಿದು ಡ್ರಮ್ ತುಂಬಿಸುತ್ತಿದ್ದಳು. ಕೂದಲು ಮುಕ್ಕಾಲು ನರೆತಿತ್ತು. ನನ್ನನ್ನು ಗುರುತು ಹಿಡಿದು, ಮೆಟ್ಟಿಲ ಮೇಲೆ ಕೂರಲು ಕಣ್ಣಲ್ಲೇ ಹೇಳಿದಳು. ಅಮ್ಮ ಹೋದರು ಎಂದೆ.

‘ಗೊತ್ತಾಯ್ತು’ ಎಂದಳು. ಪೈಪನ್ನು ಡ್ರಮ್ಮಿನಿಂದ ತೆಗೆದು ಪಕ್ಕದ ಬಿಂದಿಗೆಗೆ ಹಾಕಿದಳು.

‘ಆವತ್ತಿನ ಕಾಗದಕ್ಕೆ ಸೈನ್ ಹಾಕ್ದೋನು ನಾನು. ಅಮ್ಮ ಅಲ್ಲ. ಅಮ್ಮ ಆಸ್ಪತ್ರೇಲಿದ್ರು, ಅವ್ರಿಗೆ ಗೊತ್ತೇ ಇರ್ಲಿಲ್ಲ.’

ಬಿಂದಿಗೆ ತುಂಬಿ ನೀರು ಹೊರಗೆ ಚೆಲ್ಲತೊಡಗಿತು. ಅವಳು ಪೈಪ್ ತೆಗೆಯಲಿಲ್ಲ. ಬೈಯುತ್ತಾಳೆಂದು ಕಾದೆ. ಹೊಡೆಯುತ್ತಾಳೆಂದೂ ಅನ್ನಿಸಿತು. ಅವಳು ಕೇಳಿದ್ದು ಬೇರೆಯೇ:

‘ಅವ್ರು ಕುಡಿದಿದ್ರಾ ಆವತ್ತು?’

ನನಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. ಇಷ್ಟು ವರ್ಷ ಅವಳಿಗೆ ಅದು ಖಚಿತವಾಗಿ ಗೊತ್ತಿರಲಿಲ್ಲ.

‘ಇಲ್ಲ’ ಎಂದೆ. ‘ಮಧ್ಯಾಹ್ನ ನಾವಿಬ್ರೂ ಪಕ್ಕದಲ್ಲೇ ಕೂತು ಊಟ ಮಾಡಿದ್ವಿ. ನೀವು ಕಳ್ಸಿದ್ದ ಪುಳಿಯೋಗರೆ ನನಗೂ ಕೊಟ್ಟ. ಒಂದು ತೊಟ್ಟೂ ಕುಡಿದಿರ್ಲಿಲ್ಲ. ಏಳು ಜನನ ಹೊರಗೆ ಕಳ್ಸಿ ಒಳಗೆ ಹೋದ.’

‘ಅಮ್ಮನೂ ಹಿಂಗೇ ಹೇಳೋರು’ ಎಂದಳು ಸೆಲ್ವಿ. ಅವಳ ದನಿ ಸಣ್ಣಗಾಗಿತ್ತು. ‘ಪ್ರತಿ ವರ್ಷ ಬಂದು, ಬಾಗಿಲಲ್ಲಿ ನಿಂತು, ಇದೊಂದೇ ಮಾತು. ನಿನ್ ಗಂಡ ಕುಡಿದಿರ್ಲಿಲ್ಲಮ್ಮ, ನಿನ್ ಮಗಳಿಗೆ ಹೇಳು ಅಂತ. ಬರೆಯೋದೂ ನೀವೇ, ಇಲ್ಲ ಅನ್ನೋದೂ ನೀವೇನಾ ಅಂತ ಬೈದು ಕಳಿಸ್ತಿದ್ದೆ. ಕೋರ್ಟಲ್ಲಿ ಹೇಳಿದ್ದನ್ನೂ ನಾನು ನಂಬ್ಲಿಲ್ಲ. ನನ್ನ ಮಗಳು ಸ್ಕೂಲಲ್ಲಿ ಕುಡುಕನ ಮಗಳು ಅನ್ನಿಸ್ಕೊಂಡು ಬೆಳೆದ್ಲು. ಅಪ್ಪನ ಫೋಟೋನ ಅವಳೇ ಗೋಡೆಯಿಂದ ತೆಗೆದಿಟ್ಲು. ತೆಗೆದ್ರೆ ತೆಗೀಲಿ ಬಿಡು ಅಂತ ನಾನೂ ಸುಮ್ನಿದ್ದೆ.’

ಕ್ಷಮಿಸಿ ಎಂಬ ಮಾತು ಬಾಯಿಗೆ ಬಂತು. ಅದನ್ನು ಆಡುವ ಯೋಗ್ಯತೆ ನನಗಿಲ್ಲ ಅನ್ನಿಸಿ ನುಂಗಿಕೊಂಡೆ.

ಸೆಲ್ವಿ ನಲ್ಲಿ ನಿಲ್ಲಿಸಿದಳು. ಸೆರಗಿನಿಂದ ಮುಖ ಒರೆಸಿಕೊಂಡು ಒಳಗಿನ ಕಡೆ ತಿರುಗಿ ಮಗಳನ್ನು ಕರೆದಳು. ಕಾಲೇಜಿಗೆ ಹೊರಡಲು ಸಿದ್ಧವಾಗಿದ್ದ ಹುಡುಗಿ ಹೊರಗೆ ಬಂದು, ಯಾರೀತ ಎನ್ನುವಂತೆ ನನ್ನನ್ನೂ ತಾಯಿಯನ್ನೂ ನೋಡಿದಳು. ಹಣೆ, ಹುಬ್ಬು ಥೇಟ್ ಮುರುಗೇಶನದೇ.

‘ಈಗ ಹೇಳಿದ್ದನ್ನ ಇವಳ ಮುಂದೆ ಇನ್ನೊಂದ್ಸಲ ಹೇಳಿ’ ಎಂದಳು ಸೆಲ್ವಿ. ‘ಸೈನ್ ಹಾಕಿದ್ದು ಯಾರು, ಅಮ್ಮ ಏನ್ ಮಾಡಿದ್ರು, ಎಲ್ಲಾನೂ. ಮೊದ್ಲಿಂದ ಹೇಳಿ.’

ನಾನು ಎದ್ದು ನಿಂತು ಮೊದಲಿನಿಂದ ಹೇಳಿದೆ.